ಕಡಲು ಕಂಡಿತು, ಮಾತು ಕೇಳಲಿಲ್ಲ

ಗಡಿನಾಡ ಕನ್ನಡಿಗರ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಅಮೆರಿಕದ ಹಳೆಯ ಸಿನೆಮಾವೊಂದರ ಪ್ರಸ್ತಾಪವೇಕೆ ಎಂದು ಓದುಗರು ಕೇಳಬಹುದು. ಶರಣರ ವಚನಗಳಿವೆ, ತತ್ವಪದಗಳಿವೆ, ನಮ್ಮ ಸುತ್ತಿನ ಊರುಗಳ ಗುಡಿಗಳಲ್ಲಿ ಶಾಸನಗಳಿವೆ. ಇವನ್ನೆಲ್ಲ ಬಿಟ್ಟು, ಸೆಸಿಲ್ ಬಿ. ಡಿಮಿಲ್ 1956ರಲ್ಲಿ ತೆರೆಗೆ ತಂದ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಚಿತ್ರಕ್ಕೂ ಶಿರೂರ ಅನಂತಪಾಳಕ್ಕೂ ಏನು ನೆಂಟು? ಆ ನೆಂಟು ಯಾವುದೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಚಿತ್ರವನ್ನು ಹೊಗಳುವುದಾಗಲಿ ತೆಗಳುವುದಾಗಲಿ ನಮಗೆ ಮುಖ್ಯವಲ್ಲ. ಅದನ್ನು ನೋಡಿದ ನಮ್ಮವರು ಅದರ ಬಗ್ಗೆ ಏನು ಹೇಳುತ್ತಾರೆ, ಏನು ಹೇಳಲಾರದೆ ಹೋಗುತ್ತಾರೆ ಎಂಬುದರ ಕುರಿತು ನಮಗೊಂದು ತಕರಾರಿದೆ.

ಕಥೆ ಬಹುಜನರಿಗೆ ಗೊತ್ತಿರುವುದೇ. ಐಗುಪ್ತ ದೇಶದಲ್ಲಿ ಗುಲಾಮರಾಗಿದ್ದ ಇಸ್ರಾಯೇಲ್ಯರನ್ನು ಮೋಶೆ ಎಂಬ ಪ್ರವಾದಿ ಬಿಡಿಸಿ ತರುತ್ತಾನೆ. ಫರೋಹನ ರಥಗಳು ಬೆನ್ನಟ್ಟಿ ಬಂದಾಗ ಕೆಂಪು ಸಮುದ್ರ ಇಬ್ಭಾಗವಾಗಿ ದಾರಿ ಬಿಡುತ್ತದೆ. ಸೀನಾಯಿ ಬೆಟ್ಟದ ಮೇಲೆ ದೇವರು ಹತ್ತು ಆಜ್ಞೆಗಳನ್ನು ಕಲ್ಲಿನ ಹಲಗೆಗಳ ಮೇಲೆ ಬರೆದುಕೊಡುತ್ತಾನೆ. ಇದನ್ನು 3 ಗಂಟೆ 40 ನಿಮಿಷಗಳಷ್ಟು ದೀರ್ಘವಾಗಿ, ಚಾರ್ಲ್‌ಟನ್ ಹೆಸ್ಟನ್ ಮೋಶೆಯಾಗಿ, ಯೂಲ್ ಬ್ರಿನ್ನರ್ ಫರೋಹನಾಗಿ ನಟಿಸಿದ ಚಿತ್ರದಲ್ಲಿ ಡಿಮಿಲ್ ತೋರಿಸಿದರು. 1923ರಲ್ಲಿ ಇದೇ ಹೆಸರಿನ ಮೂಕಚಿತ್ರವನ್ನೂ ಅವರೇ ಮಾಡಿದ್ದರು. ನಮ್ಮ ಕಡೆಯವರು ಎರಡನೆಯದನ್ನು ನೋಡಿದ್ದು ಬಹಳ ತಡವಾಗಿ. ಕೆಲವರು ನಗರಗಳ ಚಿತ್ರಮಂದಿರಗಳಲ್ಲಿ, ಹೆಚ್ಚಿನವರು ಟಿ.ವಿ. ಮತ್ತು ಸಿ.ಡಿ.ಗಳಲ್ಲಿ, ಈಗಿನವರು ಮೊಬೈಲಿನಲ್ಲಿ ನೋಡಿದರು. ನೋಡಿದವರೆಲ್ಲರಿಗೂ ಒಂದು ಅಭಿಪ್ರಾಯವಿದೆ. ಆ ಅಭಿಪ್ರಾಯಗಳನ್ನು ನಾವು ನಾಲ್ಕು ಬಗೆಯಾಗಿ ವಿಂಗಡಿಸಿದ್ದೇವೆ.

ಮೊದಲನೆಯದು ಬೆರಗಿನದು. “ಸಮುದ್ರ ಸೀಳೂದು ನೋಡಬೇಕ್ರೀ” ಎನ್ನುವವರದು. ಎರಡನೆಯದು ಅನುಮಾನದ್ದು. ಇದು ಪರಧರ್ಮದ ಪ್ರಚಾರ, ನಮ್ಮ ಮಕ್ಕಳಿಗೇಕೆ ತೋರಿಸಬೇಕು ಎನ್ನುವವರದು. ಮೂರನೆಯದು ತಾತ್ಸಾರದ್ದು. ಬರೀ ಅಬ್ಬರ, ಗಿಲೀಟು, ಇದರಲ್ಲಿ ಕಲೆಯೆಲ್ಲಿದೆ ಎನ್ನುವ ವಿದ್ಯಾವಂತರದು. ನಾಲ್ಕನೆಯದು ಅವಸರದ್ದು. ತಂತ್ರ ಹಳೆಯದಾಯಿತು, ಇಂದಿನ ಗ್ರಾಫಿಕ್ಸ್ ಮುಂದೆ ಇದೇನು ಎನ್ನುವ ತರುಣರದು. ಈ ನಾಲ್ಕೂ ಅಭಿಪ್ರಾಯಗಳು ಒಂದಕ್ಕೊಂದು ವಿರುದ್ಧವೆಂದು ಮೇಲ್ನೋಟಕ್ಕೆ ಕಾಣುತ್ತದೆ. ನಮ್ಮ ವಾದವೇನೆಂದರೆ, ನಾಲ್ಕರ ಬೇರೂ ಒಂದೇ. ನಾಲ್ವರೂ ಚಿತ್ರವನ್ನು ಕಂಡಿದ್ದಾರೆ, ಯಾರೂ ಅದನ್ನು ಕೇಳಿಲ್ಲ.

ಪ್ರೇಕ್ಷಕರ ಅಭಿಪ್ರಾಯಕ್ಕೆ ಇಷ್ಟೊಂದು ಬೆಲೆಯೇಕೆ ಎಂಬ ಪ್ರಶ್ನೆಗೆ ನಮ್ಮ ಪರಂಪರೆಯೇ ಉತ್ತರ ಕೊಟ್ಟಿದೆ. ಕನ್ನಡದ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿತು. ಓದು ಬರಹದ ಹಂಗಿಲ್ಲದೆಯೂ ಕಾವ್ಯದ ಒಳಿತು ಕೆಡಕುಗಳನ್ನು ಅರಿಯಬಲ್ಲ ಜನ ಇವರು ಎಂದು ಅದು ಕನ್ನಡಿಗರನ್ನು ಮೆಚ್ಚಿಕೊಂಡಿದೆ. ಆ ಕೃತಿ ಹೇಳುವ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗಿನದು. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು; ಆ ಲಟ್ಟಲೂರನ್ನು ವಿದ್ವಾಂಸರು ನಮ್ಮ ಲಾತೂರೆಂದೇ ಗುರುತಿಸುತ್ತಾರೆ. ಹಾಗಿದ್ದಮೇಲೆ ಓದದ ನೋಡುಗನ ಮಾತಿಗೆ ಬೆಲೆಯಿಲ್ಲವೆನ್ನಲು ಲಾತೂರು ಸೀಮೆಯ ನಮಗೆ ಅಧಿಕಾರವಿಲ್ಲ.

ಈಗ ಒಂದೊಂದೇ ಅಭಿಪ್ರಾಯವನ್ನು ಪರೀಕ್ಷಿಸೋಣ.

ಅನುಮಾನದವರಿಂದಲೇ ಆರಂಭಿಸುತ್ತೇವೆ. ಪರಧರ್ಮದ ಕಥೆಯನ್ನು ನೋಡಿದರೆ ನಮ್ಮದು ಕೆಡುತ್ತದೆ ಎನ್ನುವವರು ಭಾರತೀಯ ಸಿನೆಮಾದ ಹುಟ್ಟನ್ನೊಮ್ಮೆ ನೆನೆಯಬೇಕು. ತ್ರ್ಯಂಬಕೇಶ್ವರದಲ್ಲಿ ಹುಟ್ಟಿದ ದಾದಾಸಾಹೇಬ ಫಾಳ್ಕೆಯವರು ಮುಂಬಯಿಯಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವೊಂದನ್ನು ನೋಡಿದರು. ತೆರೆಯ ಮೇಲೆ ಕ್ರಿಸ್ತನು ಸಾಗುತ್ತಿರುವಾಗ ತಮ್ಮ ಮನಸ್ಸಿನಲ್ಲಿ ಕೃಷ್ಣನೂ ರಾಮನೂ ಸುಳಿದರೆಂದು, ನಮ್ಮ ದೇವರು ಈ ತೆರೆಯ ಮೇಲೆ ಬರುವುದು ಯಾವಾಗ ಎಂಬ ತಳಮಳ ಹತ್ತಿತೆಂದು ಅವರೇ 1917ರಲ್ಲಿ ‘ನವಯುಗ’ ಎಂಬ ಮರಾಠಿ ಮಾಸಿಕದಲ್ಲಿ ಬರೆದರು. ಹೆಂಡತಿ ಸರಸ್ವತೀಬಾಯಿಯವರನ್ನೂ ಕರೆದೊಯ್ದು ಅದೇ ಚಿತ್ರವನ್ನು ಮತ್ತೆ ನೋಡಿದರು. ಅದರ ಫಲವೇ 1913ರ ಮೇ 3ರಂದು ತೆರೆಕಂಡ ‘ರಾಜಾ ಹರಿಶ್ಚಂದ್ರ’. ಭಾರತದ ಚಿತ್ರರಂಗವು ಬೈಬಲಿನ ಚಿತ್ರವೊಂದರ ಬಗ್ಗೆ ಒಬ್ಬ ಪ್ರೇಕ್ಷಕ ತಳೆದ ಅಭಿಪ್ರಾಯದಿಂದ ಹುಟ್ಟಿತು ಎಂದರೆ ಅತಿಶಯೋಕ್ತಿಯಾಗದು. ಫಾಳ್ಕೆಯವರ ಧರ್ಮವೇನೂ ಅದರಿಂದ ಕೆಡಲಿಲ್ಲ. ಅದಕ್ಕೊಂದು ಹೊಸ ಬಾಯಿ ಬಂತು.

ಇನ್ನೊಂದು ಮಾತು. ಮೋಶೆಯ ಕಥೆ ನಮ್ಮ ಓಣಿಗಳಿಗೆ ಪರಕೀಯವೆನ್ನುವುದೇ ತಪ್ಪು. ಉದಗೀರ, ನಿಲಂಗಾ, ಉಮರ್ಗಾಗಳ ಮುಸಲ್ಮಾನ ಮನೆಗಳಲ್ಲಿ ಹಜರತ್ ಮೂಸಾ ಮತ್ತು ಫಿರೌನನ ಕಥೆ ಮಕ್ಕಳಿಗೂ ಗೊತ್ತು; ಕುರಾನಿನಲ್ಲಿ ಅತಿ ಹೆಚ್ಚು ಬಾರಿ ಬರುವ ಪ್ರವಾದಿಯ ಹೆಸರು ಮೂಸಾ ಅವರದೇ. ಪ್ರವಾದಿಯನ್ನು ನಟನೊಬ್ಬನ ರೂಪದಲ್ಲಿ ತೋರಿಸುವುದು ಸಲ್ಲದೆಂದು ಆ ಮನೆಗಳಲ್ಲಿ ಕೆಲವರು ಆಕ್ಷೇಪಿಸಿದರೆ ಅದು ವಿಚಾರಕ್ಕೆ ಅರ್ಹವಾದ ಆಕ್ಷೇಪ. ಅದು ಕಥೆಯನ್ನು ಬಲ್ಲವರ ಆಕ್ಷೇಪ. ಬೀದರ ಸೀಮೆಯ ಮೆಥಡಿಸ್ಟ್ ಸಭೆಗಳಲ್ಲಿ ಇದೇ ಕಥೆಯನ್ನು ಕನ್ನಡದಲ್ಲಿ ಓದುತ್ತಾರೆ. ನೆರೆಮನೆಯವನು ಬಲ್ಲ ಕಥೆಯನ್ನು ಪರದೇಶದ್ದೆನ್ನುವುದು ನೆರೆಮನೆಯವನನ್ನೇ ಪರದೇಶಿ ಎಂದಂತೆ. ಅಂಥ ಮಾತು ಸಂಘದ ವೇದಿಕೆಗೆ ಶೋಭಿಸದು.

ತಾತ್ಸಾರದವರ ಕಡೆಗೆ ಬರೋಣ. ಡಿಮಿಲ್ ಅವರ ಚಿತ್ರದಲ್ಲಿ ಅಬ್ಬರವಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಚಿತ್ರದ ಆರಂಭದಲ್ಲಿ ಸ್ವತಃ ನಿರ್ದೇಶಕರೇ ಪರದೆಯ ಹಿಂದಿನಿಂದ ಬಂದು, ಮನುಷ್ಯರು ದೇವರ ನ್ಯಾಯಕ್ಕೆ ಒಳಪಟ್ಟು ಬಾಳಬೇಕೋ ಸರ್ವಾಧಿಕಾರಿಯೊಬ್ಬನ ಮನಸ್ಸಿಗೆ ಬಂದಂತೆ ಬಾಳಬೇಕೋ ಎಂದು ಕೇಳುತ್ತಾರೆ. ಅಮೆರಿಕ ಮತ್ತು ರಷ್ಯಗಳ ನಡುವಿನ ಶೀತಲ ಸಮರದ ಕಾವು ಆ ಮಾತಿನಲ್ಲಿತ್ತು. ಇದನ್ನೆಲ್ಲ ವಿಮರ್ಶಕರು ಹೇಳುವುದು ಸರಿ. ಆದರೆ ನಮ್ಮ ಹಿರಿಯರಿಗೆ ಆ ಪ್ರಶ್ನೆ ಅಮೆರಿಕದ ಪ್ರಶ್ನೆಯಾಗಿರಲಿಲ್ಲ. ನಿಜಾಮನ ಆಳಿಕೆಯ ಕೊನೆಯ ದಿನಗಳನ್ನು, 1948ರ ಸೆಪ್ಟೆಂಬರನ್ನು ಕಂಡವರು ಅವರು. ಆಗ ಭಯವೆಂಬುದು ಯಾವ ಒಂದೇ ಕೋಮಿನ ಸೊತ್ತಾಗಿರಲಿಲ್ಲ. ಮೊದಲು ಕೆಲವರು, ಆಮೇಲೆ ಬೇರೆ ಕೆಲವರು ರಾತ್ರೋರಾತ್ರಿ ಮನೆ ಬಿಟ್ಟರು. ಬಿಟ್ಟಿ ದುಡಿತ ಏನೆಂದು ಅವರು ಪುಸ್ತಕದಿಂದ ಕಲಿತವರಲ್ಲ. ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಗೋಡೆ ಕಟ್ಟಿದವರಿಗೆ, ಹುಲ್ಲು ಕೊಡದೆ ಅಷ್ಟೇ ಇಟ್ಟಿಗೆ ಬೇಕೆಂದ ಫರೋಹನ ಕ್ರೌರ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಇಂಥ ನೋಡುಗನನ್ನು ಮುಗ್ಧನೆಂದು ಪಕ್ಕಕ್ಕಿಟ್ಟು, ಎಲ್ಲಿಯೋ ಅಚ್ಚಾದ ವಿಮರ್ಶೆಯಿಂದ ಎರವಲು ತಂದ ತಾತ್ಸಾರವನ್ನು ತಮ್ಮ ಅಭಿಪ್ರಾಯವೆಂದು ಮಂಡಿಸುವವರಿಗೆ ನಮ್ಮ ವಿರೋಧವಿದೆ.

ಬೆರಗಿನವರಿಗೂ ಅವಸರದ ತರುಣರಿಗೂ ಒಟ್ಟಿಗೇ ಉತ್ತರಿಸಬಹುದು. ಕಡಲು ಸೀಳಿದ ಆ ದೃಶ್ಯವನ್ನು ದೊಡ್ಡ ತೊಟ್ಟಿಗಳಿಗೆ ನೀರು ಸುರಿದು, ಅದನ್ನು ಚಿತ್ರೀಕರಿಸಿ, ರೀಲನ್ನು ಹಿಂದುಮುಂದಾಗಿ ಓಡಿಸಿ, ಬೇರೆ ದೃಶ್ಯಗಳೊಡನೆ ಬೆಸೆದು ತಯಾರಿಸಿದ್ದರು. ಏಳು ವಿಭಾಗಗಳಲ್ಲಿ ಆಸ್ಕರ್‌ಗೆ ಹೆಸರಿಸಲ್ಪಟ್ಟ ಚಿತ್ರಕ್ಕೆ ದೊರೆತದ್ದು ಒಂದೇ ಒಂದು, ಅದೂ ವಿಶೇಷ ದೃಶ್ಯತಂತ್ರಕ್ಕೆ. ಅಂದರೆ ಆಸ್ಕರ್ ಮಂಡಳಿಯ ಅಭಿಪ್ರಾಯವೂ ನಮ್ಮ ಕಟ್ಟೆಯ ಮೇಲಿನ ಅಭಿಪ್ರಾಯವೂ ಒಂದೇ ಆಯಿತು. ಒಬ್ಬನು ಆ ನೀರನ್ನು ಕಂಡು ಅದ್ಭುತವೆಂದ, ಇನ್ನೊಬ್ಬನು ಅದೇ ನೀರನ್ನು ಕಂಡು ಹಳತೆಂದ. ಇಬ್ಬರ ಮಾತೂ ನೀರಿನ ಬಗೆಗೇ. ಚಿತ್ರದ ಹೆಸರೇ ‘ಹತ್ತು ಆಜ್ಞೆಗಳು’. ಆ ಹತ್ತರಲ್ಲಿ ನಾಲ್ಕನ್ನಾದರೂ ಹೇಳಿರೆಂದು ನಾವು ಕೇಳಿದಾಗ ಉತ್ತರ ಕೊಟ್ಟವರು ವಿರಳ.

ಇದು ನೋಡುಗನ ದಡ್ಡತನವೆ? ಅಲ್ಲವೆಂಬುದಕ್ಕೆ ನಮ್ಮ ಕಣ್ಣೆದುರಿನ ಸಣ್ಣ ಪ್ರಸಂಗವೊಂದೇ ಸಾಕು. ಶಿರೂರ ಅನಂತಪಾಳದ ಮನೆಯೊಂದರಲ್ಲಿ ಈ ಚಿತ್ರ ಟಿ.ವಿ.ಯಲ್ಲಿ ನಡೆದಿತ್ತು. ಮಾತು ಇಂಗ್ಲಿಷಿನಲ್ಲಿ, ಕೆಳಗೆ ಓಡುವ ಅಕ್ಷರಗಳೂ ಇಂಗ್ಲಿಷಿನವು. ಜೋಳದ ಹೊಲದಲ್ಲಿ ಆಯುಷ್ಯ ಸವೆಸಿದ ಅಜ್ಜಿ ಗೋಡೆಗೊರಗಿ ಕುಳಿತು ನೋಡುತ್ತಿದ್ದರು. ಕಡಲು ಸೀಳಿದಾಗ ಕೈ ಮುಗಿದರು. ಬೆಟ್ಟದ ಮೇಲೆ ಬೆಂಕಿ ಬಂದು ಕಲ್ಲಿನ ಮೇಲೆ ಅಕ್ಷರ ಕೊರೆಯತೊಡಗಿದಾಗ ಮೊಮ್ಮಗನತ್ತ ತಿರುಗಿ, “ಏನ್ ಹೇಳ್ಲಾಕತ್ತಾನಪಾ ದೇವರು?” ಎಂದು ಕೇಳಿದರು. ಮೊಮ್ಮಗ ಹತ್ತನೆಯ ಇಯತ್ತೆಯ ಜಾಣ ಹುಡುಗ, ಓದು ಮರಾಠಿಯಲ್ಲಿ. ಅವನಿಗೆ ಇಂಗ್ಲಿಷಿನಿಂದ ಮರಾಠಿಗೆ ಅರ್ಥ ಹೊಳೆಯುತ್ತಿತ್ತು. ಮರಾಠಿಯಿಂದ ಅಜ್ಜಿಯ ಕನ್ನಡಕ್ಕೆ ದಾಟಿಸಲು ಶಬ್ದ ಸಿಗಲಿಲ್ಲ. “ಏನಿಲ್ಲ ಆಯಿ, ಕಾಯದಾ ಹೇಳ್ತಾನ” ಎಂದು ಸುಮ್ಮನಾದ. ಕಾಯದಾ ಎಂದರೆ ಕಾನೂನು. ಅಜ್ಜಿಗೆ ಗೊತ್ತಿದ್ದ ಕಾಯದಾ ಕೋರ್ಟು ಕಚೇರಿಗಳದು. ಅವರು ಮತ್ತೆ ಪ್ರಶ್ನೆ ಕೇಳಲಿಲ್ಲ.

ಆ ಅಜ್ಜಿ ಕಳೆದುಕೊಂಡದ್ದೇನೆಂದು ಲೆಕ್ಕ ಹಾಕೋಣ. ಆ ಹತ್ತು ಆಜ್ಞೆಗಳಲ್ಲಿ ವಾರಕ್ಕೊಂದು ದಿನದ ಬಿಡುವಿನ ಆಜ್ಞೆಯಿದೆ. ಆ ಬಿಡುವು ಒಡೆಯನಿಗೆ ಮಾತ್ರವಲ್ಲ. ಮನೆಯ ಆಳಿಗೆ, ಹೆಣ್ಣಾಳಿಗೆ, ಊರಿಗೆ ಬಂದ ಪರದೇಶಿಗೆ, ದನಕರುಗಳಿಗೂ ಉಂಟು. ಕಾರಹುಣ್ಣಿವಿಗೆ, ಪೋಳಾಕ್ಕೆ ಎತ್ತಿನ ಹೆಗಲಿನಿಂದ ನೊಗ ಇಳಿಸಿ, ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿದ ಕೈಗಳು ಆ ಅಜ್ಜಿಯವು. ಎತ್ತಿಗೂ ಒಂದು ದಿನ ಬಿಡುವಿರಲಿ ಎಂದು ದೇವರೇ ಕಲ್ಲಿನ ಮೇಲೆ ಬರೆದನೆಂದು ಕೇಳಿದ್ದರೆ ಅವರು ಏನನ್ನುತ್ತಿದ್ದರು? ಎತ್ತಿಗೆ ವರ್ಷಕ್ಕೊಂದು ದಿನವಾದರೂ ಸಿಗುತ್ತದೆ, ಹೆಣ್ಣಾಳಿಗೆ ಯಾವಾಗ ಎನ್ನುತ್ತಿದ್ದರೋ ಏನೋ. ಆ ಚಿತ್ರದ ಬಗ್ಗೆ ಜಗತ್ತಿನ ಯಾವ ವಿಮರ್ಶಕನೂ ಹೇಳದ ಮಾತೊಂದು ಆ ಗೋಡೆಯ ಪಕ್ಕದಲ್ಲಿ ಹುಟ್ಟಬಹುದಿತ್ತು. ಅದು ಹುಟ್ಟಲಿಲ್ಲ. ಕಡಲು ಕಂಡಿತು, ಮಾತು ಕೇಳಲಿಲ್ಲ.

ಆ ಪ್ರಶ್ನೆಗೆ ಕನ್ನಡದಲ್ಲಿ ಉತ್ತರವಿರಲಿಲ್ಲವೆಂದಲ್ಲ. ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರಲ್ಲಿಯೇ ಬಳ್ಳಾರಿಯಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಿತ್ತು. ಡಿಮಿಲ್ ಚಿತ್ರಕ್ಕೆ 125 ವರ್ಷ ಮೊದಲೇ ಮೋಶೆ ಕನ್ನಡ ಮಾತಾಡಿದ್ದ. ಗುಲಾಮರ ಬಿಡುಗಡೆಯ ಕಥೆಯುಳ್ಳ ಭಾಗಕ್ಕೆ ಕನ್ನಡದಲ್ಲಿ ‘ವಿಮೋಚನಕಾಂಡ’ ಎಂಬ ಅರ್ಥಪೂರ್ಣವಾದ ಹೆಸರಿದೆ. ಉತ್ತರವಿತ್ತು, ಅದನ್ನು ಅಜ್ಜಿಯ ಕಿವಿಗೆ ಮುಟ್ಟಿಸುವವರಿರಲಿಲ್ಲ.

ಆ ವಿಮೋಚನಕಾಂಡದಲ್ಲಿಯೇ ನಮ್ಮ ವಾದಕ್ಕೆ ಬೇಕಾದ ದೃಷ್ಟಾಂತವಿದೆ. ದೇವರು ಮೋಶೆಯನ್ನು ಫರೋಹನ ಬಳಿಗೆ ಹೋಗೆಂದಾಗ ಅವನು ಹಿಂಜರಿಯುತ್ತಾನೆ. ತಾನು ಮಾತುಗಾರನಲ್ಲ, ತನ್ನ ನಾಲಿಗೆ ಮಂದ ಎನ್ನುತ್ತಾನೆ. ಆಗ ದೇವರು ಅವನ ನಾಲಿಗೆಯನ್ನು ಪವಾಡದಿಂದ ಸರಿಪಡಿಸುವುದಿಲ್ಲ. ಅಣ್ಣನಾದ ಆರೋನನನ್ನು ಜೊತೆಮಾಡುತ್ತಾನೆ. ಮೋಶೆಯ ಮಾತನ್ನು ಜನಕ್ಕೆ ಆರೋನ ಹೇಳಬೇಕು. ಕಡಲನ್ನು ಸೀಳಬಲ್ಲವನಿಗೂ ಮಾತು ದಾಟಿಸುವ ಅಣ್ಣನೊಬ್ಬ ಬೇಕಾಯಿತು. ಗಡಿನಾಡಿನ ಕನ್ನಡಿಗರಾದ ನಾವು ಮಂದ ನಾಲಿಗೆಯವರು. ಮನೆಯಲ್ಲೊಂದು, ಶಾಲೆಯಲ್ಲೊಂದು, ಕಚೇರಿಯಲ್ಲೊಂದು ಮಾತಾಡಿ ಯಾವುದರಲ್ಲಿಯೂ ತಡವರಿಸುವವರು. ನಮಗೆ ಆರೋನ ಬೇಕಾಗಿದ್ದ. ತೆರೆಯ ಲೋಕದಲ್ಲಿ ಆ ಆರೋನನ ಹೆಸರು ಡಬ್ಬಿಂಗ್. ಅವನನ್ನು ಕನ್ನಡದ ಹೊಸ್ತಿಲಲ್ಲಿ ತಡೆದು ನಿಲ್ಲಿಸಿದವರು ಬೇರೆ ಯಾರೂ ಅಲ್ಲ, ಕನ್ನಡದವರೇ.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. 1957ರ ‘ಮಾಯಾಬಜಾರ್’ ತೆಲುಗಿನಿಂದ ಕನ್ನಡಕ್ಕೆ ಡಬ್ ಆಗಿ ಬಂದಿತ್ತು. ಅಂಥ ಚಿತ್ರಗಳು ಹೆಚ್ಚಿದರೆ ಕನ್ನಡ ಚಿತ್ರೋದ್ಯಮ ಕಣ್ಣು ಬಿಡುವ ಮೊದಲೇ ಮುಚ್ಚೀತೆಂದು 1960ರ ದಶಕದ ಕನ್ನಡ ಹೋರಾಟಗಾರರು, ಕಲಾವಿದರು, ಲೇಖಕರು ಅಂಜಿದರು. ಕನ್ನಡದಲ್ಲಿ ಆಗ ತಯಾರಾಗುತ್ತಿದ್ದ ಚಿತ್ರಗಳು ಕೆಲವೇ; ಕಲಾವಿದರೂ ತಂತ್ರಜ್ಞರೂ ಕೆಲಸಕ್ಕಾಗಿ ಮದರಾಸಿನಲ್ಲಿ ಅಲೆಯುತ್ತಿದ್ದರು. ಆ ಅಂಜಿಕೆ ಪ್ರಾಮಾಣಿಕವಾಗಿತ್ತು, ಆ ಹೋರಾಟ ಗೌರವಾರ್ಹವಾಗಿತ್ತು. ಸಸಿಗೆ ಬೇಲಿ ಕಟ್ಟಿದವರನ್ನು ನಾವು ದೂಷಿಸುವುದಿಲ್ಲ. ಸಸಿ ಮರವಾಗಿ ಹಣ್ಣು ಬಿಟ್ಟಮೇಲೂ ಬೇಲಿ ಕೀಳದೆ, ಬೇಲಿಗೇ ಪೂಜೆ ಮಾಡಿದವರ ಮೇಲೆ ನಮ್ಮ ದೂರಿದೆ. ಕಾನೂನಿನ ಬಲವಿಲ್ಲದ ಆ ನಿಷೇಧ ಐದು ದಶಕ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇದು ಸಲ್ಲದೆಂದು ತೀರ್ಪಿತ್ತು ಚಿತ್ರೋದ್ಯಮದ ಸಂಸ್ಥೆಗಳಿಗೆ ದಂಡ ವಿಧಿಸಿತು. 2017ರಲ್ಲಿ ತಮಿಳಿನ ಚಿತ್ರವೊಂದು ‘ಸತ್ಯದೇವ್ ಐ.ಪಿ.ಎಸ್.’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದು ಆ ಕದ ತೆರೆಯಿತು.

ಆ ಐದು ದಶಕಗಳಲ್ಲಿ ಬೆಂಗಳೂರಿನ ಕನ್ನಡಿಗ ಹೆಚ್ಚೇನೂ ಕಳೆದುಕೊಳ್ಳಲಿಲ್ಲ. ಅವನ ಸುತ್ತ ಕನ್ನಡ ಶಾಲೆ, ಕನ್ನಡ ಪತ್ರಿಕೆ, ಕನ್ನಡ ನಾಟಕ, ಕನ್ನಡ ಚಿತ್ರಮಂದಿರಗಳಿದ್ದವು. ಕಳೆದುಕೊಂಡವರು ನಾವು. 1987ರಲ್ಲಿ ದೂರದರ್ಶನಕ್ಕೆ ರಾಮಾಯಣ ಬಂತು, 1988ರಲ್ಲಿ ಮಹಾಭಾರತ ಬಂತು, ಎರಡೂ ಹಿಂದಿಯಲ್ಲಿ. ಪಂಪ, ಕುಮಾರವ್ಯಾಸರ ಭಾಷೆಯವರ ಮಕ್ಕಳು ‘ಪಿತಾಶ್ರೀ’, ‘ಮಾತಾಶ್ರೀ’ ಎನ್ನುತ್ತ ಆಡಿದರು. ರವಿವಾರ ಬೆಳಿಗ್ಗೆ ಊರೆಲ್ಲ ಒಂದೇ ಟಿ.ವಿ.ಯ ಮುಂದೆ ಕುಳಿತಿದ್ದಾಗ ಕೃಷ್ಣನು ಅರ್ಜುನನಿಗೆ ಏನು ಹೇಳಿದನೆಂದು ನಮ್ಮ ತಾಯಂದಿರು ಮಕ್ಕಳನ್ನು ಕೇಳಬೇಕಾಯಿತು. ಮಕ್ಕಳು ಮೊದಮೊದಲು ಹೇಳಿದರು, ಆಮೇಲೆ ಬೇಸತ್ತರು. ಕನ್ನಡವೆಂದರೆ ಅಡುಗೆಮನೆಯ ಮಾತು, ದೇವರೂ ದೊರೆಗಳೂ ಮಾತಾಡುವುದು ಬೇರೆ ಭಾಷೆಯಲ್ಲಿ ಎಂಬ ಭಾವನೆ ಆ ಕಾಲದಲ್ಲಿಯೇ ನೆಲೆಯೂರಿತು. ಭಾಷೆ ಸಾಯುವುದು ಹೀಗೆಯೇ. ಅದನ್ನು ಯಾರೂ ಕೊಲ್ಲಬೇಕಾಗಿಲ್ಲ. ದೊಡ್ಡ ಸಂಗತಿಗಳೆಲ್ಲ ಅದರ ಕಿವಿಯ ಹೊರಗೆ ನಡೆದರೆ ಸಾಕು.

2020ರ ಲಾಕ್‌ಡೌನ್ ದಿನಗಳಲ್ಲಿ ಖಾಸಗಿ ವಾಹಿನಿಯೊಂದು ಹಿಂದಿಯ ಮಹಾಭಾರತ ಧಾರಾವಾಹಿಯನ್ನು ಕನ್ನಡಕ್ಕೆ ಡಬ್ ಮಾಡಿ ಪ್ರಸಾರ ಮಾಡಿತು. ಕನ್ನಡಿಗರು ಅದನ್ನು ಮನೆಮನೆಗಳಲ್ಲಿ ನೋಡಿದರು. ಕನ್ನಡ ಮುಳುಗಲಿಲ್ಲ. ಇನ್ನೊಂದು ಕಡೆ ‘ಕೆ.ಜಿ.ಎಫ್.’, ‘ಕಾಂತಾರ’ ಚಿತ್ರಗಳು ಹಿಂದಿ, ತೆಲುಗು, ತಮಿಳು, ಮಲಯಾಳಗಳಿಗೆ ಡಬ್ ಆಗಿ ದೇಶವನ್ನೆಲ್ಲ ಸುತ್ತಿದವು. ನಮ್ಮ ಮಾತನ್ನು ಅವರ ಭಾಷೆಯಲ್ಲಿ ಅವರು ಕೇಳಬೇಕು, ಅವರ ಮಾತನ್ನು ನಮ್ಮ ಭಾಷೆಯಲ್ಲಿ ನಾವು ಕೇಳಬಾರದು ಎಂಬುದು ಯಾವ ನ್ಯಾಯ? ಉಮರ್ಗಾ, ಉದಗೀರಗಳ ನಮ್ಮ ಹುಡುಗರು ಕನ್ನಡದ್ದೇ ಆದ ಆ ಚಿತ್ರಗಳನ್ನು ಹಿಂದಿಯಲ್ಲಿ ನೋಡಿ ಬಂದು ಹಿಂದಿಯಲ್ಲಿಯೇ ಹೊಗಳುವುದನ್ನು ಕೇಳಿದಾಗ ನಗಬೇಕೋ ಅಳಬೇಕೋ ನಮಗೆ ತಿಳಿಯಲಿಲ್ಲ.

ಮಾತು ಕಿವಿಗೆ ಮುಟ್ಟಿದರೆ ಏನಾಗುತ್ತದೆಂಬುದಕ್ಕೆ ನೆರೆಯ ಮರಾಠಿಯಲ್ಲಿಯೇ ಸಾಕ್ಷಿಯಿದೆ. 1936ರಲ್ಲಿ ಪುಣೆಯ ಪ್ರಭಾತ್ ಕಂಪನಿಯಿಂದ ‘ಸಂತ ತುಕಾರಾಮ’ ಬಂತು. ನಿರ್ದೇಶಿಸಿದವರು ವಿಷ್ಣುಪಂತ ದಾಮ್ಲೆ ಮತ್ತು ಶೇಖ್ ಫತ್ತೇಲಾಲ್. ಒಬ್ಬ ಹಿಂದೂ, ಒಬ್ಬ ಮುಸಲ್ಮಾನ ಸೇರಿ ವಾರಕರಿ ಸಂತನ ಕಥೆ ಹೇಳಿದರು. ಪರಧರ್ಮದ ಭಯವುಳ್ಳವರು ಇದನ್ನೂ ಗಮನಿಸಬೇಕು. ವಿಷ್ಣುಪಂತ ಪಾಗನೀಸರು ತುಕಾರಾಮರಾದ ಆ ಚಿತ್ರ ಮುಂಬಯಿಯಲ್ಲಿ ವರ್ಷಕ್ಕೂ ಮಿಕ್ಕಿ ಓಡಿತು, 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಗಳಿಸಿತು. ಅದರಲ್ಲಿಯೂ ಪವಾಡಗಳಿವೆ, ಕೊನೆಯಲ್ಲಿ ವಿಮಾನವೇ ಇಳಿದು ಬಂದು ತುಕಾರಾಮರನ್ನು ವೈಕುಂಠಕ್ಕೆ ಒಯ್ಯುತ್ತದೆ. ಆದರೆ ನೋಡಿದವರು ವಿಮಾನವನ್ನಷ್ಟೇ ನೆನಪಿಟ್ಟುಕೊಳ್ಳಲಿಲ್ಲ. ಅಭಂಗಗಳನ್ನು ಗುನುಗುತ್ತ ಮನೆಗೆ ಹೋದರು. ತುಕಾರಾಮರ ಹೆಂಡತಿ ಆವಲಿಯ ಸಿಡುಕನ್ನೂ ಸಂಕಟವನ್ನೂ ತಮ್ಮ ಮನೆಯದೆಂದೇ ತಿಳಿದು ವಾದಿಸಿದರು. ಪವಾಡವೂ ಉಳಿಯಿತು, ಮಾತೂ ಉಳಿಯಿತು, ಮಾತು ಅವರದಾಗಿತ್ತು. ‘ದಿ ಟೆನ್ ಕಮಾಂಡ್‌ಮೆಂಟ್ಸ್’ ನೋಡಿದ ನಮ್ಮಲ್ಲಿ ಪವಾಡ ಮಾತ್ರ ಉಳಿಯಿತು. ನೋಡುಗರ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ, ಕಿವಿಗೆ ಬಿದ್ದ ಭಾಷೆಯಲ್ಲಿ ವ್ಯತ್ಯಾಸ.

ನಾವು ಕಲ್ಯಾಣದ ನೆರಳಿನಲ್ಲಿ ಬಾಳುವವರು. ಬಸವಕಲ್ಯಾಣ ನಮಗೆ ಗಡಿಯಾಚೆಯ ಊರಾದರೂ ಮನಸ್ಸಿನಾಚೆಯ ಊರಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನಡೆದದ್ದು ನುಡಿಯ ಕ್ರಾಂತಿ. ದೇವರ ಮಾತು ಸಂಸ್ಕೃತದಲ್ಲಿಯೇ ಇರಬೇಕೆಂಬುದನ್ನು ಒಪ್ಪದೆ ಮಡಿವಾಳ, ಅಂಬಿಗ, ಸೂಳೆ, ಕಾಯಕದ ಹೆಂಗಸರೆಲ್ಲ ಬಲ್ಲ ಕನ್ನಡದಲ್ಲಿ ಶರಣರು ಆಡಿದರು. ವಚನವೆಂದರೆ ಆಡಿದ ಮಾತು. ನಾವೇನೂ ಪವಾಡದ ಮೋಹದಿಂದ ಮುಕ್ತರಲ್ಲ. 1369ರಲ್ಲಿ ಭೀಮಕವಿ ಬರೆದ ‘ಬಸವಪುರಾಣ’ದಲ್ಲಿ ಪವಾಡಗಳಿಗೆ ಬರವಿಲ್ಲ. ಆದರೂ ಬಸವಣ್ಣನ ಮಾತು ನಮ್ಮ ಭಾಷೆಯಲ್ಲಿದ್ದುದರಿಂದ ಪವಾಡದ ಗದ್ದಲದಲ್ಲಿಯೂ ಅದು ಮುಳುಗಲಿಲ್ಲ. 1959ರಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನಾಗಿ ‘ಜಗಜ್ಯೋತಿ ಬಸವೇಶ್ವರ’ ಚಿತ್ರ ಬಂತು. ಕಲ್ಯಾಣದ ಮಗ್ಗುಲಲ್ಲಿರುವ ನಮ್ಮ ತಾಲೂಕುಗಳಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದಾರೆಂದು ಕೇಳಿಕೊಂಡರೆ ನಾಚಿಕೆಯಾಗುತ್ತದೆ. ಹೊರಗಿನದನ್ನು ಕನ್ನಡದಲ್ಲಿ ತರಲಿಲ್ಲ, ಕನ್ನಡದ್ದನ್ನು ನಮ್ಮೂರಿಗೆ ತರಲಿಲ್ಲ. ಎರಡೂ ಕದ ಮುಚ್ಚಿದ ಮನೆಯಲ್ಲಿ ನಮ್ಮ ಅಭಿಪ್ರಾಯ ಬೆಳೆಯುವುದೆಲ್ಲಿ?

ಒಂದು ಕಾಕತಾಳೀಯವನ್ನು ಹೇಳದೆ ಇರಲಾರೆವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾ‌ಜ್ಯಕ್ಕೆ ಸೇರಿದವು. ಒಂದೇ ವಾರದ ನಂತರ, ನವೆಂಬರ್ 8ರಂದು, ನ್ಯೂಯಾರ್ಕಿನಲ್ಲಿ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಮೊದಲ ಪ್ರದರ್ಶನ ಕಂಡಿತು. ಆ ಕಥೆಯ ಕೊನೆಯಲ್ಲಿ ಮೋಶೆ ಬೆಟ್ಟದ ಮೇಲೆ ನಿಂತು ತನ್ನ ಜನಕ್ಕೆ ವಾಗ್ದಾನವಾದ ನಾಡನ್ನು ಕಣ್ಣಿನಿಂದ ಕಾಣುತ್ತಾನೆ, ಒಳಗೆ ಹೋಗುವುದಿಲ್ಲ. ಕನ್ನಡ ನಾಡು ಒಂದಾದ ದಿನ ನಮ್ಮ ಹಿರಿಯರು ಅದನ್ನು ಗಡಿಯ ಈಚೆಯಿಂದ ಕಂಡರು. ಓದುಗರು ತಪ್ಪು ತಿಳಿಯಬಾರದು. ಗಡಿಯನ್ನು ಸರಿಸಿರೆಂದು ನಾವು ಇದನ್ನು ಬರೆಯುತ್ತಿಲ್ಲ. ಮರಾಠಿ ನಮಗೆ ಅನ್ನ ಕೊಟ್ಟ ಭಾಷೆ. ಮನ್ಮಥಸ್ವಾಮಿಗಳ ‘ಪರಮರಹಸ್ಯ’ ನಮ್ಮ ಲಿಂಗಾಯತ ಮನೆಗಳಿಗೆ ಮರಾಠಿಯಲ್ಲಿಯೇ ಬಂದ ಸೊತ್ತು. ಪಂಢರಪುರದ ವಿಠ್ಠಲನನ್ನು ಕನ್ನಡಿಗನೆಂದು ಕರೆದವರು ಮರಾಠಿ ಸಂತರೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ. ಮರಾಠಿಯ ಜೊತೆ ನಮಗೆ ಜಗಳವಿಲ್ಲ. ನಾಡು ಎತ್ತ ಸೇರಿದರೂ ಸೇರಲಿ, ನುಡಿ ನಮ್ಮ ಕಿವಿಯನ್ನು ಸೇರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಡಬ್ಬಿಂಗಿನ ಕದ ಈಗ ತೆರೆದಿದೆ. ಇನ್ನು ಬೆಂಗಳೂರನ್ನು ಬೈದು ಕೈ ತೊಳೆದುಕೊಳ್ಳುವಂತಿಲ್ಲ. ದೂರು ನಮ್ಮ ಮೇಲೆಯೇ ತಿರುಗುತ್ತದೆ. ಅಕ್ಕಲಕೋಟೆ, ಜತ್ತಗಳ ಕಡೆಯವರಿಗೆ ಕನ್ನಡ ಶಾಲೆಗಳ ಬಲವಾದರೂ ಇದೆ. ನಮ್ಮಲ್ಲಿ ಬಹುಪಾಲು ಮಕ್ಕಳ ಓದು ಮರಾಠಿಯಲ್ಲಿ. ಆದ್ದರಿಂದ ನಮ್ಮ ಸಂಘಗಳ ಹೊಣೆ ಹೆಚ್ಚು. ವರ್ಷಕ್ಕೊಮ್ಮೆ ಪೆಂಡಾಲು ಹಾಕಿ, ಅತಿಥಿಗಳಿಗೆ ಶಾಲು ಹೊದಿಸಿ, ಕನ್ನಡ ಉಳಿಯಲೆಂದು ಭಾಷಣ ಮಾಡಿ ಚದುರುವುದರಿಂದ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗದು.

ನಮ್ಮ ಸೂಚನೆ ದೊಡ್ಡದೇನಲ್ಲ. ಮೂಕಚಿತ್ರಗಳ ಕಾಲದಲ್ಲಿ ತೆರೆಯ ಪಕ್ಕದಲ್ಲಿ ನಿಂತು ಕಥೆಯನ್ನು ನೋಡುಗರ ಭಾಷೆಯಲ್ಲಿ ಹೇಳುವ ನಿರೂಪಕರಿರುತ್ತಿದ್ದರು. ಆ ಪದ್ಧತಿಯನ್ನು ನಾವು ಮತ್ತೆ ತರಬಹುದು. ತಿಂಗಳಿಗೊಮ್ಮೆ ಗುಡಿಯ ಅಂಗಳದಲ್ಲಿಯೋ ಸಮಾಜ ಮಂದಿರದಲ್ಲಿಯೋ ಒಂದು ಚಿತ್ರ ತೋರಿಸೋಣ. ಅದು ತುಕಾರಾಮರದಾಗಲಿ, ಮೋಶೆಯದಾಗಲಿ, ಬಸವಣ್ಣನದಾಗಲಿ. ಪಕ್ಕದಲ್ಲಿ ಒಬ್ಬರು ನಿಂತು ನಮ್ಮ ಸೀಮೆಯ ಕನ್ನಡದಲ್ಲಿ ಅದರ ಮಾತುಗಳನ್ನು ಹೇಳಲಿ. ಆ ಒಬ್ಬರು ಶಾಲೆ ಕಲಿಯುವ ಹುಡುಗ ಹುಡುಗಿಯರೇ ಆಗಿರಲಿ. ಅಜ್ಜಿಗೆ ಹೇಳಬೇಕಾದ ಮಾತನ್ನು ಹುಡುಕುವಷ್ಟರಲ್ಲಿ ಅವರು ಕಲಿಯುವ ಕನ್ನಡ ಹತ್ತು ಭಾಷಣಗಳಿಂದ ಬಾರದು. ಚಿತ್ರ ಮುಗಿದಮೇಲೆ ದೀಪ ಹಾಕಿ, ನೋಡಿದವರ ಅಭಿಪ್ರಾಯ ಕೇಳೋಣ. ಓದಿದವರನ್ನು ಕೊನೆಗೆ ಕೇಳಿದರಾಯಿತು, ಮೊದಲು ಗೋಡೆಗೊರಗಿ ಕುಳಿತವರನ್ನು ಕೇಳೋಣ. ಅವರ ಮಾತನ್ನು ಬರೆದಿಟ್ಟು ಮುಂದಿನ ಸಮ್ಮೇಳನದ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ. ಅದಕ್ಕಿಂತ ಒಳ್ಳೆಯ ಗಡಿನಾಡ ಸಾಹಿತ್ಯ ಯಾವುದಿದೆ?

ಬೆರಗುಪಡುವವರು ಬೆರಗುಪಡಲಿ, ಅನುಮಾನಿಸುವವರು ಅನುಮಾನಿಸಲಿ, ವಿಮರ್ಶಕರು ತೆಗಳಲಿ, ತರುಣರು ನಗಲಿ. ಆ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಆದರೆ ಕೇಳಿಸಿಕೊಂಡ ಮೇಲೆ ಹೇಳಲಿ. ಕೇಳದೆ ಹೇಳಿದ್ದು ಅಭಿಪ್ರಾಯವಲ್ಲ, ಬರೀ ಕಣ್ಣಿನ ಸಾಕ್ಷಿ. “ಏನ್ ಹೇಳ್ಲಾಕತ್ತಾನಪಾ ದೇವರು?” ಎಂಬ ಪ್ರಶ್ನೆ ಶಿರೂರ ಅನಂತಪಾಳದ ಆ ಮನೆಯಲ್ಲಿ ಇನ್ನೂ ಉತ್ತರವಿಲ್ಲದೆ ನಿಂತಿದೆ. ಅದಕ್ಕೆ ಕನ್ನಡದಲ್ಲಿ ಉತ್ತರ ಕೊಡಬಲ್ಲ ಮೊಮ್ಮಗನೊಬ್ಬ ಪ್ರತಿ ಮನೆಯಲ್ಲಿಯೂ ಇರಲೆಂಬುದೇ ಈ ಸಮ್ಮೇಳನದ ಮುಂದೆ ನಮ್ಮ ಅರಿಕೆ.